ಡಕ್ಟಿನ ಗಾಳಿಯಲ್ಲಿ ಕಾದ ನೀರು

ನನಗೆ ಹೇಸಿಗೆ ಬೇಗ ಬರುತ್ತದೆ. ಹೋಟೆಲಿನ ಲೋಟದ ಅಂಚು, ಬಸ್ಸಿನ ಕಂಬಿ, ಸಿಂಕಿನ ಜಾಳಿಗೆಯಲ್ಲಿ ಸಿಕ್ಕ ಅನ್ನದ ಅಗುಳು, ಯಾವುದಾದರೂ ಒಂದು ಸಾಕು. ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸದರಲ್ಲಿ ಗಂಡ ಇದನ್ನು ನಾಜೂಕು ಎಂದು ತಿಳಿದಿದ್ದರು. ಈಗ ಕಾಯಿಲೆ ಅನ್ನುತ್ತಾರೆ. ಅವರಿಗೇನು, ಬಾಲಾನಗರದ ಕಾರ್ಖಾನೆಯಲ್ಲಿ ದಿನವೆಲ್ಲ ಗ್ರೀಸಿನಲ್ಲಿ ಕೈಯಾಡಿಸಿ ಬಂದು ಅದೇ ಉಗುರಿನಿಂದ ಹಲ್ಲಿನ ಸಂದಿ ಕೆದಕುವ ಮನುಷ್ಯ.

ನಮ್ಮ ಹಳೆಯ ಗೀಸರ್ ಕೆಟ್ಟಾಗ ಪ್ಲಂಬರ್ ಅದನ್ನು ಬಿಚ್ಚುವ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲೇ ಇದ್ದುಬಿಡಬೇಕಿತ್ತು. ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆ. ನಾವಿರುವುದು ಉಪ್ಪಲ್‌ನಲ್ಲಿ, ಬೋರಿನ ನೀರು. ಬಕೆಟ್ಟಿಗೂ ನಲ್ಲಿಯ ಮೂತಿಗೂ ಬಿಳಿ ಪೊರೆ ಕಟ್ಟುವುದು ಇಲ್ಲಿ ಎಲ್ಲರ ಮನೆಯ ಕತೆ, ಉಜ್ಜಿ ಮರೆಯುತ್ತೇವೆ. ಗೀಸರನ್ನು ತಲೆಕೆಳಗು ಮಾಡಿದಾಗ ಮೊದಲು ಕಂದು ನೀರು ಬಂತು, ಆಮೇಲೆ ಅಂಬಲಿಯಂಥ ರಾಡಿ, ಕೊನೆಗೆ ಕಲ್ಲಿನ ಚಕ್ಕೆಗಳು. ಒಳಗಿನ ಕಾಯಿಲ್ ಎಲ್ಲಿದೆ ಎಂದೇ ಕಾಣದಷ್ಟು ಸುಣ್ಣ ಮೆತ್ತಿತ್ತು. ಇಷ್ಟು ವರ್ಷ ಬೆಳಗಾಗೆದ್ದು ಶುಚಿಯಾಗುತ್ತಿದ್ದೇನೆ ಎಂದುಕೊಂಡು ನಾನು ನೆತ್ತಿಯ ಮೇಲೆ ಸುರಿದುಕೊಂಡದ್ದು ಇದನ್ನೇ. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಗಂಡ ಒಂದು ಚಕ್ಕೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. "ನೋಡು, ನಮ್ಮ ಕರೆಂಟೆಲ್ಲ ಈ ಕಲ್ಲ ಕಾಯಸಾಕ ಹೋಗೇತಿ" ಅಂದರು. ಅವರಿಗೆ ಬೇಸರವಾಗಿರಲಿಲ್ಲ, ಖುಷಿಯಾಗಿತ್ತು. ಹೊಸ ಮಷೀನು ತರಲು ಕಾರಣ ಸಿಕ್ಕಿತ್ತಲ್ಲ.

ಸೋಲಾರ್ ಹಾಕಿಸಬಹುದಿತ್ತು. ಆದರೆ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿಗೆ ಬಿಲ್ಡರನ ಬೀಗ, ಅದರ ಕೀಲಿ ಮೇಲಿನ ಮಹಡಿಯವರ ಕೈಯಲ್ಲಿ, ಅವರ ಹಪ್ಪಳ ಸಂಡಿಗೆ ಒಣಗಿದ ಮೇಲೆ ಉಳಿದವರ ಮಾತು. ಅದಕ್ಕೇ ಹೀಟ್ ಪಂಪ್ ಎಂದು ತೀರ್ಮಾನವಾಯಿತು. ಗಂಡ ಅದನ್ನು ಊಟಕ್ಕೆ ಕೂತಾಗಲೆಲ್ಲ ವಿವರಿಸಿದರು: ಎಸಿಯನ್ನು ಉಲ್ಟಾ ಮಾಡಿದಂತೆ, ಹೊರಗಿನ ಗಾಳಿಯಲ್ಲಿ ಇರುವ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ, ತಾನಾಗಿ ಕಾಯಿಸುವುದಿಲ್ಲ, ಆದ್ದರಿಂದ ಕರೆಂಟು ಸ್ವಲ್ಪವೇ ಸಾಕು. ಒಳಗೊಂದು ಟ್ಯಾಂಕು, ಹೊರಗೊಂದು ಫ್ಯಾನಿನ ಪೆಟ್ಟಿಗೆ. ಪೆಟ್ಟಿಗೆಯನ್ನು ರಸ್ತೆ ಕಡೆಯ ಬಾಲ್ಕನಿಯಲ್ಲಿ ಕೂರಿಸಿದರೆ ನೋಡಲು ಚೆಂದ ಇರುವುದಿಲ್ಲ ಎಂದು ಅವರು ಡಕ್ಟಿನ ಗೋಡೆಯನ್ನು ಆರಿಸಿದರು.

ಈ ಡಕ್ಟ್ ಅಂದರೆ ಕಟ್ಟಡದ ನಡುವೆ ನೆಲದಿಂದ ಟೆರೇಸಿನವರೆಗೆ ಬಿಟ್ಟ ಸಂದು. ಎಲ್ಲ ಮನೆಗಳ ಬಚ್ಚಲು ಪಾಯಖಾನೆಗಳ ಕಿಟಕಿಗಳು ಅದಕ್ಕೇ ತೆರೆಯುತ್ತವೆ, ಎಲ್ಲರ ಪೈಪುಗಳೂ ಅದರೊಳಗೇ ಇಳಿಯುತ್ತವೆ. ಯಾರೂ ಅದನ್ನು ಇಣುಕಿ ನೋಡುವುದಿಲ್ಲ. ಡಕ್ಟ್ ಇರುವುದೇ ನೋಡದೆ ಇರಲಿಕ್ಕೆ.

ನಮ್ಮ ಮನೆಯಲ್ಲಿ ಬಿಸಿನೀರು ನಿಜವಾಗಿ ಬೇಕಿದ್ದದ್ದು ಅತ್ತೆಗೆ. ಎಂಬತ್ತು ದಾಟಿದವರು, ಮಾವ ತೀರಿಕೊಂಡ ಮೇಲೆ ವಿಜಯಪುರದಿಂದ ಬಂದು ನಮ್ಮ ಜೊತೆಗಿದ್ದಾರೆ. ಹಿಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಕಂಡು ಬಂದಿದ್ದರು. ತಣ್ಣೀರು ಒಂದು ತಂಬಿಗೆ ಬೆನ್ನಿಗೆ ಬಿದ್ದರೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹಾಗಂತ ಸ್ನಾನ ಬಿಡುವಂತಿಲ್ಲ. ಮೈ ತೊಳೆದುಕೊಳ್ಳದೆ ಅತ್ತೆ ಕೊರಳಿನ ಲಿಂಗ ಬಿಚ್ಚಿ ಅಂಗೈಗೆ ತೆಗೆದುಕೊಳ್ಳುವವರಲ್ಲ, ಲಿಂಗಪೂಜೆ ಆಗದೆ ಊಟ ಮುಟ್ಟುವವರಲ್ಲ. ಚಹಾಕ್ಕೆ, ಹಾಲಿಗೆ, ಬಾಳೆಹಣ್ಣಿಗೆ ಮಾತ್ರ ಮಾಫಿ. ಊಟವನ್ನೂ ನಮ್ಮ ಜೊತೆ ಕೂತು ಮಾಡುವುದಿಲ್ಲ. ಗಂಗಾಳ ತೆಗೆದುಕೊಂಡು ತಮ್ಮ ಖೋಲಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ವಿಭೂತಿಯ ಕಪಾಟಿನ ಎದುರು ಒಬ್ಬರೇ ಉಣ್ಣುತ್ತಾರೆ. ಉಂಡ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದುಬಿಡುತ್ತಾರೆ. ಒಂದು ಅಗುಳು ಪೋಲಾಗಬಾರದು. ಅದು ಊಟವಲ್ಲ, ಪ್ರಸಾದ.

ಮಷೀನು ಕೂರಿಸಲು ಬಂದವನು ಚುರುಕಿನ ಹುಡುಗ, ಹಳೇ ಹೈದರಾಬಾದಿನ ಮಾತು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು ಎಲ್ಲ ನೋಡಿದರು. ವಿಜಯಪುರದವರಿಗೆ ದಖನಿ ಬರುವುದು ದೊಡ್ಡದಲ್ಲ. ಬೆಂಕಿ ಎಲ್ಲಿ, ಕೆಂಪು ದೀಪ ಎಲ್ಲಿ ಎಂದು ಅವನನ್ನೇ ಕೇಳಿದರು.

"ಆಗ್ ನಕ್ಕೋ ಅಮ್ಮಾ, ಹವಾ ಸೇ ಗರ್ಮಿ ಖೀಂಚತಾ" ಅಂದ ಅವನು. ಬೆಂಕಿ ಬೇಡ, ಗಾಳಿಯಿಂದ ಬಿಸಿ ಎಳೆದುಕೊಳ್ಳುತ್ತದೆ ಅಂತ.

"ಕೌನ್ಸಿ ಹವಾ?" ಯಾವ ಗಾಳಿ ಎಂದರು ಅತ್ತೆ.

"ಯೇಚ್ ಡಕ್ಟ್ ಕಿ ಹವಾ" ಎಂದು ಅವನು ಬಚ್ಚಲ ಕಿಟಕಿಯ ಆಚೆ ಬೆರಳು ತೋರಿಸಿದ, ಇದೇ ಡಕ್ಟಿನ ಗಾಳಿ ಅಂತ.

ಅತ್ತೆ ಕಿಟಕಿಯನ್ನು ನೋಡಿದರು, ಟ್ಯಾಂಕನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. "ಊರ ಮಂದಿ ಪಾಯಖಾನಿ ಗಾಳಿಲೆ ಕಾದ ನೀರು. ಇದನ್ನ ಮೈಮ್ಯಾಲೆ ಹಾಕ್ಕೊಂಡು ಲಿಂಗ ಮುಟ್ಟಲೇನು?" ಅಂದರು. ಮಾತು ಏರಿಸಲಿಲ್ಲ. ಎದ್ದು ಖೋಲಿಗೆ ಹೋದರು.

ಎರಡು ದಿನ ಸ್ನಾನವಿಲ್ಲ, ಪೂಜೆಯಿಲ್ಲ, ಊಟವಿಲ್ಲ. ಚಹಾ ಕುಡಿದು ಕೂತರು. ಗಂಡ ಮಂಚದ ಪಕ್ಕ ಕೂತು ಕಾಗದದ ಮೇಲೆ ಚಿತ್ರ ಬರೆದು ತಾಯಿಗೆ ತಿಳಿಸಿ ಹೇಳಿದರು. "ಯವ್ವಾ, ಗಾಳಿ ನೀರಿಗೆ ಮುಟ್ಟಂಗಿಲ್ಲ. ನಡುವೆ ತಾಮ್ರದ ಕೊಳವಿ ಐತಿ, ಅದರಾಗ ಬ್ಯಾರೇ ಗ್ಯಾಸ್ ಐತಿ. ಬರೇ ಬಿಸಿ ದಾಟತೈತಿ, ಹೊಲಸ ದಾಟಂಗಿಲ್ಲ." ಅತ್ತೆ ಚಿತ್ರವನ್ನು ನೋಡಲಿಲ್ಲ, ಮಗನ ಮುಖ ನೋಡಿದರು. ನಾನು ಗ್ಯಾಸಿನ ಮೇಲೆ ನೀರು ಕಾಯಿಸಿ ಕೊಡುತ್ತೇನೆ ಅಂದರೆ ಗಂಡನಿಗೆ ಸಿಟ್ಟು ಬಂತು, ಹಂಗಾದ್ರ ಇಷ್ಟೆಲ್ಲ ಯಾಕ ಮಾಡಿದ್ದು ಅಂದರು. ಮೂರನೇ ದಿನ ಅತ್ತೆ ಸೀರೆ ತೆಗೆದುಕೊಂಡು ತಾವಾಗಿಯೇ ಬಚ್ಚಲಿಗೆ ಹೋದರು. ನೀರಿನ ಸಪ್ಪಳ ಕೇಳಿತು. ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡು ಹೊರಗೆ ಬಂದರು. ಗಂಡ ಗೆದ್ದವರಂತೆ ಕಾರ್ಖಾನೆಗೆ ಹೋದರು.

ಅತ್ತೆಯ ಮಾತು ನನ್ನ ತಲೆಯಲ್ಲಿ ಉಳಿಯಿತು. ಕೊಳವೆ, ಗ್ಯಾಸು, ಬಿಸಿ ಮಾತ್ರ ದಾಟುವುದು, ಎಲ್ಲ ಒಪ್ಪುತ್ತೇನೆ, ನಾನೂ ವಿಜ್ಞಾನ ಓದಿದವಳು. ಆದರೆ ಬೆಳಗ್ಗೆ ಮೊದಲ ಚೊಂಬು ಹುಯ್ದುಕೊಳ್ಳುವಾಗ ಮೇಲಿನ ಮನೆಯವರ ಫ್ಲಶ್ಶಿನ ಸದ್ದು ಡಕ್ಟಿನಲ್ಲಿ ಇಳಿದು ಬಂದರೆ ವಿಜ್ಞಾನ ಅಲ್ಲಿಗೇ ನಿಲ್ಲುತ್ತಿತ್ತು. ಈ ಬಿಸಿ ಯಾರ ಮನೆಯದೋ ಅನ್ನಿಸುತ್ತಿತ್ತು. ಉಸಿರು ಹಿಡಿದು ಬೇಗ ಬೇಗ ಮುಗಿಸುತ್ತಿದ್ದೆ. ನೀರು ಮಾತ್ರ ಚೆನ್ನಾಗಿ ಕಾದಿರುತ್ತಿತ್ತು, ಅದೂ ಸಿಟ್ಟು ಬರಿಸುತ್ತಿತ್ತು.

ಚಳಿ ಏರಿದಂತೆ ಅತ್ತೆ ಇಳಿಯತೊಡಗಿದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕುಪ್ಪಸದ ಹೊಲಿಗೆಯನ್ನು ಒಮ್ಮೆ ಹಿಡಿದು ಕೊಟ್ಟೆ, ಅದೂ ಸಡಿಲಾಯಿತು. ಡಾಕ್ಟರು ರಕ್ತ ನೋಡಿ, ಎದೆ ನೋಡಿ, ವಯಸ್ಸು ಅಂದರು. ನಾನು ಕೋಠಿಗೆ ಹೋಗಿ ಔಷಧಿ ಅಂಗಡಿಗಳ ಸಾಲಿನಲ್ಲಿ ಅಲೆದು ಶಕ್ತಿಯ ಪುಡಿ ತಂದೆ. ಊಟ ಸರಿಯಾಗಿ ಹೋಗುತ್ತಿತ್ತಲ್ಲ. ನಸುಕಿನಲ್ಲಿ ಎದ್ದು ಬಡಿದ ಜೋಳದ ರೊಟ್ಟಿ, ಪಲ್ಯ, ಚಟ್ನಿಪುಡಿಯಂಥ ಶೇಂಗಾದ ಹಿಂಡಿ ಗಂಗಾಳಕ್ಕೆ ಹಾಕಿ ಕೊಟ್ಟರೆ, ಸ್ವಲ್ಪ ಹೊತ್ತಿಗೆ ಗಂಗಾಳ ತೊಳೆದು ಬೋರಲು ಹಾಕಿರುತ್ತಿದ್ದರು. ಹಾಗಾದರೆ ತಿಂದದ್ದು ಎಲ್ಲಿ ಹೋಗುತ್ತಿದೆ ಎಂದು ನನಗೆ ಹೆದರಿಕೆ. ಹೀಗೇ ಒಣಗಿ ಒಣಗಿ ಒಂದು ದಿನ ಕೈಬಿಟ್ಟು ಹೋಗುತ್ತಾರೆ ಅನ್ನಿಸಲು ಶುರುವಾಗಿತ್ತು.

ಇನ್ನೊಂದು ಸಂಗತಿಯಿತ್ತು. ಅತ್ತೆಯ ಪಕ್ಕ ಕೂತಾಗ ಮುಗ್ಗಿದ ಬಟ್ಟೆಯ ವಾಸನೆ ಬರುತ್ತಿತ್ತು. ನನ್ನ ಮೂಗು ಇಂಥದ್ದನ್ನು ಬಿಡುವುದಿಲ್ಲ. ಮುದಿ ಮೈಯ ವಾಸನೆ ಎಂದುಕೊಂಡು ಅವರ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ, ಕಪಾಟಿನಲ್ಲಿ ಕರ್ಪೂರ ಇಟ್ಟೆ. ಔಷಧಿ ಕೊಡುವಾಗ ಮುಖ ಸ್ವಲ್ಪ ಹಿಂದಕ್ಕೆ ಇಟ್ಟುಕೊಳ್ಳುತ್ತಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ಮಷೀನು ಒಮ್ಮೆಲೇ ನಿಂತಿತು. ಅದೇ ಹುಡುಗ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿಂದ ಪಾರಿವಾಳದ ಪುಕ್ಕ, ಕೂದಲಿನ ಉಂಡೆ, ಬಟ್ಟೆಯ ಜುಂಗು ಕೈಯಿಂದ ಕಿತ್ತು ಕಿತ್ತು ಹಾಕಿದ. ಡಕ್ಟ್ ಸ್ವಚ್ಛ ಮಾಡಿಸದಿದ್ದರೆ ತಿಂಗಳೊಳಗೆ ಮತ್ತೆ ನಿಲ್ಲುತ್ತದೆ, ಬೇಕಾದರೆ ನೀವೇ ನೋಡಿ ಅಂದ. ನೋಡಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಳಗೆ ನೋಡಿದೆ.

ಮಕ್ಕಳ ಡೈಪರುಗಳು ಉಬ್ಬಿ ಬಿದ್ದಿದ್ದವು. ಹೆಂಗಸರು ಕವರಿನಲ್ಲಿ ಸುತ್ತಿ ಒಗೆದ ಪ್ಯಾಡುಗಳು, ಕವರು ಹರಿದಿತ್ತು. ಬಾಚಿದ ಕೂದಲು, ಸೋಪಿನ ಚೂರು, ಹಲ್ಲುಜ್ಜುವ ಬ್ರಷ್ಷು, ಒಡೆದ ಬಾಟಲಿ, ಪಾರಿವಾಳದ ಹಿಕ್ಕೆ ಗೋಡೆಗುಂಟ ಗಟ್ಟಿಯಾಗಿ ಇಳಿದಿತ್ತು. ಸೋರುವ ಪೈಪಿನ ನೀರಿನಲ್ಲಿ ಎಲ್ಲ ನೆನೆದು ಒಂದಾಗಿತ್ತು. ಅದರ ಹಬೆ ಮುಖಕ್ಕೆ ಬಡಿದು ಕಿಟಕಿಯ ಹತ್ತಿರವೇ ವಾಂತಿ ಮಾಡಿಕೊಂಡೆ. ಹೊಸ್ತಿಲಿಗೆ ರಂಗೋಲಿ ಹಾಕಿ, ಚಪ್ಪಲಿ ಹೊರಗೆ ಬಿಡಿ ಎಂದು ಬೋರ್ಡು ಹಚ್ಚಿ, ಲಿಫ್ಟಿನಲ್ಲಿ ಅತ್ತರು ಪೂಸಿಕೊಂಡು ನಿಲ್ಲುವ ಜನ ಇವರು. ಮನೆಯೊಳಗೆ ಕಾಣದಿದ್ದರೆ ಅದು ಹೊಲಸೇ ಅಲ್ಲ ಎಂದು ಇವರೆಲ್ಲ ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದಾರೆ.

ಆ ವಾರ ನಾನು ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರ ಕಿವಿಯನ್ನೂ ಹಿಂಡಿದೆ. ಇಲ್ಲಿ ಪಾರ್ಕಿಂಗಿಗೆ ಸೆಲ್ಲಾರ್ ಅನ್ನುತ್ತಾರೆ, ಅಲ್ಲಿ ಅಸೋಸಿಯೇಷನ್ನಿನ ಮೀಟಿಂಗ್ ಕರೆಸಿದೆ. ನನ್ನ ತೆಲುಗು ಅಷ್ಟಕ್ಕಷ್ಟೆ, ಬೈಯಲು ಸಾಕಾಗುತ್ತದೆ. ನಮ್ಮ ಮನೆಯದಲ್ಲ, ನಮ್ಮ ಮನೆಯದಲ್ಲ ಎಂದು ಎಲ್ಲರೂ ಒಂದೇ ರಾಗ. ಹಾಗಾದರೆ ಆಕಾಶದಿಂದ ಬಿತ್ತೇ ಎಂದು ಕೇಳಿದೆ. ಡಕ್ಟಿನಿಂದ ತೆಗೆದದ್ದನ್ನು ಕೂಡಲೇ ಸಾಗಿಸಕೂಡದು, ಲಿಫ್ಟಿನ ಎದುರೇ ಗುಡ್ಡೆ ಹಾಕಿಸಬೇಕು, ಎಲ್ಲ ಮನೆಯವರೂ ಇಳಿದು ಬಂದು ತಮ್ಮ ತಮ್ಮದನ್ನು ಗುರುತು ಹಿಡಿಯಬೇಕು ಎಂದು ಹಟ ಹಿಡಿದೆ. ಮೂರನೇ ಮಹಡಿಯ ನಿವೃತ್ತ ಮೇಷ್ಟರೊಬ್ಬರು ಬೇಡಮ್ಮಾ, ನಾರುತ್ತದೆ ಅಂದರು. ನಾರಲಿ ಅಂದೆ.

ಭಾನುವಾರ ಕೂಲಿಗೆ ಇಬ್ಬರು ಬಂದರು. ಅವರಿಗೆ ಕೈಗವಸು ಕೊಡಿಸಬೇಕೆಂದು ಅಸೋಸಿಯೇಷನ್ನಿನವರಿಗೆ ತೋಚಿರಲಿಲ್ಲ, ನಾನೇ ಓಡಿ ತಂದೆ. ಅವರು ತಟ್ಟಿನ ಚೀಲಗಳಲ್ಲಿ ತುಂಬಿ ತಂದು ಸುರಿಯುತ್ತ ಹೋದರು. ಜನ ಮೂಗಿಗೆ ಬಟ್ಟೆ ಹಿಡಿದು ಸುತ್ತ ನಿಂತಿದ್ದರು. ಅಷ್ಟೂ ಮಂದಿಯ ಮುಖ ಬಾಡಿದ್ದು ನೋಡಿ ನನಗೆ ಒಳಗೆ ಹಿತವಾಗುತ್ತಿತ್ತು ಎಂದು ಸುಳ್ಳಿಲ್ಲದೆ ಹೇಳುತ್ತೇನೆ. ಇದು ಯಾರದು, ಇದು ಯಾರದು ಎಂದು ಕೇಳುತ್ತ ಗುಡ್ಡೆಯ ಸುತ್ತ ತಿರುಗಿದೆ.

ಮೇಷ್ಟರು ತಮ್ಮ ಕೋಲಿನಿಂದ ಒಂದು ಪೊಟ್ಟಣವನ್ನು ಹೊರಳಿಸಿದರು. ಅದರ ಪಕ್ಕ ಅಂಥದ್ದೇ ಇನ್ನೊಂದು, ಆಚೆ ಮತ್ತಷ್ಟು. ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದವು. ಕೆಳಗಿನವು ಕೊಳೆತು ಬೂಸ್ಟು ಹಿಡಿದಿದ್ದವು, ಮೇಲಿನವು ಇನ್ನೂ ಗಟ್ಟಿಯಿದ್ದವು. ಮೇಷ್ಟರು ಬಗ್ಗಿ ನೋಡಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದರು: "ಮೇಡಂ, ಇದಿ ಮೀ ಕನ್ನಡಮೇ ಕದಾ?"

ಪೇಪರಿನ ಅಕ್ಷರ ಕನ್ನಡದ್ದೇ. ಇಡೀ ಕಟ್ಟಡದಲ್ಲಿ ಕನ್ನಡದವರು ನಾವೊಬ್ಬರೇ. ವಿಜಯಪುರಕ್ಕೆ ಹೋಗಿ ಬರುವಾಗಲೆಲ್ಲ ಅತ್ತೆ ಹಳೆ ಪೇಪರಿನ ಕಟ್ಟು ಹೊತ್ತು ತರುತ್ತಾರೆ, ವಿಭೂತಿಯ ಕಪಾಟಿಗೆ ಹಾಸಲು. ಓದಲು ಬಾರದ ಅಕ್ಷರದ ಮೇಲೆ ದೇವರ ಸಾಮಾನು ಇಡುವುದು ಅವರ ಮನಸ್ಸಿಗೆ ಬರುವುದಿಲ್ಲ. ದಾರ ಬಿಚ್ಚಿದೆ. ಒಳಗೆ ಜೋಳದ ರೊಟ್ಟಿ, ನಾಲ್ಕು ಮಡಿಕೆ. ಮಡಿಕೆಯಲ್ಲಿ ಪಲ್ಯ, ಶೇಂಗಾದ ಹಿಂಡಿ. ಕೈ ಹಚ್ಚಿಲ್ಲ, ಒಂದು ಚೂರೂ ಮುರಿದಿಲ್ಲ.

ಸುತ್ತಲಿನವರು ಏನಂದರೋ, ಅಂದರೋ ಇಲ್ಲವೋ, ನನಗೆ ನೆನಪಿಲ್ಲ. ಚೀಲವೊಂದನ್ನು ತೆಗೆದುಕೊಂಡು ಕೂತೆ. ಆ ಹೊಲಸಿನೊಳಗೆ ಬರಿಗೈ ಹಾಕಿ ಒಂದೊಂದೇ ಪೊಟ್ಟಣ ಹೆಕ್ಕಿದೆ. ಡೈಪರಿನ ಕೆಳಗಿದ್ದದ್ದನ್ನೂ ಬಿಡಲಿಲ್ಲ. ಕೂಲಿಯವರಲ್ಲಿ ಒಬ್ಬ ನೀವು ಬಿಡಿ ಎಂದು ತಡೆದ, ಬಿಡಲಿಲ್ಲ. ವಾಂತಿ ಬರಲಿಲ್ಲ, ಅದಕ್ಕೆ ಜಾಗವಿರಲಿಲ್ಲ.

ಮೇಲೆ ಬಂದವಳೇ ಬಚ್ಚಲಿಗೆ ಹೋಗಿ ಟ್ಯಾಂಕಿನ ನೀರು ಖಾಲಿಯಾಗುವವರೆಗೆ ಮೈ ಉಜ್ಜಿದೆ. ಪಾಯಖಾನೆ ಗಾಳಿಯೋ ಇನ್ನೊಂದೋ, ಆ ಹೊತ್ತಿಗೆ ಬಿಸಿನೀರು ಇತ್ತು, ಸುರಿದುಕೊಂಡೆ. ಆಮೇಲೆ ಅತ್ತೆಯ ಖೋಲಿಗೆ ಹೋದೆ. ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಗದ್ದಲ ಅವರಿಗೂ ಕೇಳಿರಬೇಕು.

"ಅತ್ತಿ, ನೀವು ಸ್ನಾನ ಮಾಡಾಕತ್ತಿಲ್ಲರಿ?"

"ನೀರ ನೆಲಕ್ಕ ಬಿಟ್ಟು, ಒದ್ದಿ ಅರಿವಿಲೆ ಒರಸ್ಕೊಂತೀನಿ. ಸೀರಿ ಸೆರಗ ತೋಯಿಸ್ಕೊಂತೀನಿ."

"ಪೂಜಿ?"

"ಮೈ ತೊಳಿದೆ ಹೆಂಗ ಮುಟ್ಟಲಿ? ಸುಮ್ಮನ ಕುಂತು ಎದ್ದು ಬರ್ತೀನಿ."

"ಉಂಡಿಲ್ಲ, ಹಂಗಾರ. ಇಷ್ಟ ದಿನಾ ಬರೇ ಚಹಾ, ಬಾಳಿಹಣ್ಣಿನ ಮ್ಯಾಲೆ." ನನ್ನ ದನಿ ಏರಿತು. "ಬ್ಯಾಡ ಅಂತ ಒಂದ ಮಾತ ಹೇಳಬಾರದೇನ್ರಿ ನನಗ?"

"ಅಂವ ಚಿತ್ರ ತಗದ ತಿಳಿಸಿ ಹೇಳಿದ್ದ. ಮತ್ತ ಜಗಳ ಎಬ್ಬಸಲೇನು?" ಅತ್ತೆ ಬಳೆಯನ್ನು ಮುಂಗೈಗೆ ಎಳೆದುಕೊಂಡರು. "ನೀ ನಸಿಕಿನ್ಯಾಗ ಎದ್ದು ರೊಟ್ಟಿ ಬಡೀತಿದ್ದಿ. ಆ ಸಪ್ಪಳ ಕೇಳ್ತಾ ಬಿದ್ದಿರತಿದ್ದೆ. ಬಡದ ಕೊಟ್ಟದ್ದನ್ನ ತಿರುಗಿ ಹೆಂಗ ಕೊಡೂದು?"

"ಅದನ್ನ ಒಯ್ದು ಆ ಹೇಸಿಗ್ಯಾಗ ಒಗೀಬೇಕೇನ್ರಿ?"

ಆ ಮೊಣಕಾಲಿನಲ್ಲಿ ಕೆಳಗೆ ಇಳಿದು ದನಕ್ಕೆ ಹಾಕಿ ಬರುವ ಶಕ್ತಿ ಅತ್ತೆಗಿಲ್ಲ, ಬಾಲ್ಕನಿಗೆ ಪಾರಿವಾಳದ ಬಲೆ ಇದೆ, ಕಸದ ಡಬ್ಬಿ ನನ್ನ ಕಣ್ಣ ಮುಂದೆ. ಅವರಿಗೆ ಇದ್ದದ್ದು ಬಚ್ಚಲಿನ ಆ ಒಂದು ಕಿಟಕಿ.

"ಕಣ್ಣ ಮುಚ್ಕೊಂಡ ಒಗೀತಿದ್ದೆ" ಅಂದರು.

ಗಂಗಾಳ ತೊಳೆದ ನೀರನ್ನೂ ಚೆಲ್ಲದ ಹೆಂಗಸು. ನಾನು ಅಡುಗೆಮನೆಗೆ ಹೋಗಿ ಇದ್ದುದರಲ್ಲೇ ದೊಡ್ಡ ಪಾತ್ರೆಯನ್ನು ಗ್ಯಾಸಿನ ಮೇಲೆ ಇಟ್ಟೆ. ಉರಿ ಕಾಣುವಂತೆ ಅತ್ತೆಯನ್ನು ಕರೆದು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿದೆ. ನೀರು ಕಾದ ಮೇಲೆ ಬಕೆಟ್ಟಿಗೆ ಬಗ್ಗಿಸಿ, ಬಚ್ಚಲಿಗೆ ಒಯ್ದು, ಬೆನ್ನು ಉಜ್ಜಲು ನಾನೇ ನಿಂತೆ. ಬೆನ್ನಿನ ಮೇಲೆ ಕೊಳೆ ಬತ್ತಿ ಬತ್ತಿಯಾಗಿ ಎದ್ದು ಬಂತು. ಬೇರೆ ಯಾರ ಮೈಯದಾದರೂ ನಾನು ಅಲ್ಲಿ ನಿಲ್ಲುತ್ತಿರಲಿಲ್ಲ. ಪಕ್ಕೆಲುಬು ಕೈಗೆ ಸಿಗುತ್ತಿದ್ದವು. ಅತ್ತೆ ಹಾ, ಹಾ ಎನ್ನುತ್ತ ಬಿಸಿಗೆ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಆಮೇಲೆ ಬಹಳ ಹೊತ್ತು ಪೂಜೆ ಮಾಡಿದರು.

ಗಂಡನಿಗೆ ಆ ಸಂಜೆ ಚೀಲವನ್ನು ಬಿಚ್ಚಿ ತೋರಿಸಿದೆ, ವಿವರಿಸಲಿಲ್ಲ. ಅವರೂ ಯಾವ ಚಿತ್ರವನ್ನೂ ಬರೆಯಲಿಲ್ಲ. ಮುಂದಿನ ವಾರ ಪೆಟ್ಟಿಗೆ ಡಕ್ಟಿನಿಂದ ಕಳಚಿ ರಸ್ತೆ ಕಡೆಯ ಬಾಲ್ಕನಿಗೆ ಬಂತು. ನೋಡಲು ಚೆಂದವಿಲ್ಲ, ನಿಜ. ಅತ್ತೆ ಕೋಲೂರಿಕೊಂಡು ಬಂದು ಅದರ ಎದುರು ನಿಂತರು.

"ಈಗ ಇದಕ್ಕ ಯಾವ ಗಾಳಿ?"

"ಉಪ್ಪಲ್ ರೋಡಿನ ಗಾಳಿರಿ ಅತ್ತಿ."

ಕೆಳಗೆ ಬಸ್ಸು, ಆಟೋ, ಧೂಳು, ಹೊಗೆ. ಅತ್ತೆ ಎಲ್ಲವನ್ನೂ ತೂಗಿ ನೋಡಿದರು. "ಇದೂ ಹೊಲಸ ಐತಿ. ಆದ್ರ ಇದು ಎಲ್ಲಾರೂ ಕಾಣೂ ಹೊಲಸು, ನಡೀತೈತಿ" ಅಂದು ಒಳಗೆ ಹೋದರು. ಮರುದಿನದಿಂದ ಆ ನೀರಿನಲ್ಲೇ ಸ್ನಾನ ಮಾಡುತ್ತಾರೆ. ಕರೆಂಟು ಉಳಿಯುತ್ತಿದೆ ಎಂದು ಗಂಡ ಬಂದವರಿಗೆ ಹೇಳುತ್ತಾರೆ, ನಾನು ಎದ್ದು ಚಹಾ ಮಾಡಲು ಹೋಗುತ್ತೇನೆ. ಡಕ್ಟಿನೊಳಗೆ ಮತ್ತೆ ಡೈಪರು ಬೀಳಲು ಶುರುವಾಗಿದೆ.

ಅತ್ತೆ ಈಗ ತುಂಬಿಕೊಂಡಿದ್ದಾರೆ. ಊಟವನ್ನು ಮೊದಲಿನಂತೆ ಖೋಲಿಯಲ್ಲೇ ಮಾಡುತ್ತಾರೆ, ಆದರೆ ಬಾಗಿಲು ಹಾಕುವುದಿಲ್ಲ. ಉಂಡು, ಗಂಗಾಳ ತೊಳೆದು, ಆ ನೀರು ಕುಡಿಯುವ ಮೊದಲು ಒಂದು ಗಳಿಗೆ ತಡೆಯುತ್ತಾರೆ. ಗಂಗಾಳವನ್ನು ನಾನಿರುವ ಕಡೆಗೆ ವಾಲಿಸಿ ತೋರಿಸುತ್ತಾರೆ, ಸಣ್ಣ ಹುಡುಗಿ ಮಾಡುವ ಹಾಗೆ. ನನಗೆ ಅದು ಅಸಹ್ಯ. ಇಷ್ಟು ವಯಸ್ಸಾದವರು ಉಂಡದ್ದಕ್ಕೆ ಸಾಕ್ಷಿ ತೋರಿಸುವುದು, ಸೊಸೆಯಾದವಳು ಒಲೆಯ ಹತ್ತಿರ ನಿಂತು ಅದನ್ನು ನೋಡುವುದು. ಬ್ಯಾಡ ಬಿಡ್ರಿ ಅತ್ತಿ ಎಂದು ಎಷ್ಟೋ ಸಲ ಹೇಳಿದ್ದೇನೆ. ಅವರು ತೋರಿಸುವುದನ್ನು ಬಿಟ್ಟಿಲ್ಲ. ನಾನು ನೋಡುವುದನ್ನೂ ಬಿಟ್ಟಿಲ್ಲ.